ಒಳಗೆ ಎಣ್ಣೆ ಹಾಕಿಸಿ, ಹೊರಗೆ ಮುಟ್ಟಬೇಡಿ

ಕೇಳುಗರಿಗೆ ನಮಸ್ಕಾರ.

ಹಳೇ ಕ್ರೋನೋಗ್ರಾಫ್ ವಾಚುಗಳ ಬಗ್ಗೆ ನಾಲ್ಕೈದು ನಿಮಿಷ ಮಾತಾಡಿ ಅಂದಿದ್ದಾರೆ. ನನಗೆ ನಾಲ್ಕು ದಿನ ಕೊಟ್ಟರೂ ಸಾಲದು. ಅದಕ್ಕೇ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಹಳೇ ವಾಚಿದ್ದರೆ ಒಳಗೆ ಎಣ್ಣೆ ಹಾಕಿಸಿ, ಹೊರಗೆ ಮುಟ್ಟಬೇಡಿ.

ಕ್ರೋನೋಗ್ರಾಫ್ ಅಂದರೆ ಸ್ಟಾಪ್‌ವಾಚನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡ ಕೈಗಡಿಯಾರ. ಪಕ್ಕದಲ್ಲಿ ಎರಡು ಗುಂಡಿ. ಮೇಲಿನದನ್ನು ಒತ್ತಿದರೆ ಸೆಕೆಂಡ್ ಮುಳ್ಳು ಓಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಕೆಳಗಿನದನ್ನು ಒತ್ತಿದರೆ ಟಕ್ ಅಂತ ಹನ್ನೆರಡಕ್ಕೆ ವಾಪಸ್.

ನಮ್ಮ ದೊಡ್ಡಪ್ಪ ಕುವೈತಿನಲ್ಲಿದ್ದರು. ಒಂದು ಸಲ ರಜೆಗೆ ಬಂದಾಗ ಅವರ ಕೈಯಲ್ಲಿ ಸೈಕೋ ಕಂಪನಿಯ 6139 ಅನ್ನೋ ಮಾದರಿಯ ಕ್ರೋನೋಗ್ರಾಫ್ ಇತ್ತು. ಹಳದಿ ಡಯಲ್, ಸುತ್ತ ನೀಲಿ ಕೆಂಪು ಬಳೆ. ಮಕ್ಕಳನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿ, ಬಾವಿಕಟ್ಟೆ ಸುತ್ತಿ ಬನ್ನಿ ಅಂತ ಓಡಿಸೋರು. ಗುಂಡಿ ಒತ್ತಿದ ಸದ್ದಿಗೇ ನಾವು ಓಡಬೇಕು. ನಾನು ಯಾವಾಗಲೂ ಕೊನೆ. ಆದರೆ ಗುಂಡಿ ಒತ್ತೋ ಕೆಲಸ ಸಿಕ್ಕರೆ ಸಾಕಿತ್ತು ನನಗೆ. ಈ ವಾಚಿಗೆ ಕೀ ಕೊಡೋ ಹಾಗಿಲ್ಲ, ಕೈ ಆಡಿಸಿದರೆ ತಾನೇ ಸುತ್ತಿಕೊಳ್ಳುತ್ತದೆ. ಕೀ ಕೊಡ್ತೀನಿ ಅಂತ ತಿರುಗಿಸಿದರೆ ಒಳಗಿನ ಬಳೆ ತಿರುಗುತ್ತದೆ, ಅಷ್ಟೇ. ಅದನ್ನು ಕಂಡುಹಿಡಿದವನೂ ನಾನೇ!

ದೊಡ್ಡಪ್ಪ ಹೋದ ಮೇಲೆ ದೊಡ್ಡಮ್ಮ ವಾಚನ್ನು ನನಗೆ ಕೊಟ್ಟರು. ಡಯಲ್ ಮೇಲೆ ಎರಡು ಕಪ್ಪು ಚುಕ್ಕೆ, ಅಂಚಿನಲ್ಲಿ ಗೀರು. ನಾನು ಏನು ಮಾಡಿದೆ? ಒಬ್ಬ ರಿಪೇರಿಯವರ ಹತ್ತಿರ ಕೊಟ್ಟೆ. ‘ಹೊಸಾದರ ಥರ ಮಾಡಿಕೊಡ್ತೀನಿ ಸಾರ್’ ಅಂದರು. ಮಾಡಿಕೊಟ್ಟರು ಕೂಡ. ಹಳೇ ಬಣ್ಣ ಕೆರೆದು ಹೊಸ ಬಣ್ಣ ಬಳಿದಿದ್ದರು. ಅಕ್ಷರಗಳು ದಪ್ಪ, ಸ್ವಲ್ಪ ಸೊಟ್ಟ. ಡಯಲ್‌ನ ಕೆಳ ಅಂಚಿನಲ್ಲಿದ್ದ ಸಣ್ಣ ನಂಬರ್ ಮಾಯ. ಪಾಲಿಶ್ ಹೊಡೆದು ವಾಚಿನ ಚೂಪಾಗಿದ್ದ ಅಂಚುಗಳು ಸವೆದ ಸೋಪಿನ ಹಾಗೆ ಗುಂಡಗಾಗಿದ್ದವು. ನಾನು ಖುಷಿಯಾಗಿ ದೊಡ್ಡಮ್ಮನಿಗೆ ತೋರಿಸಿದೆ. ಅವರು ತಿರುಗಿಸಿ ಮುರುಗಿಸಿ ನೋಡಿ, ‘ಇದು ಅವರದ್ದಲ್ಲ ಕಣೋ’ ಅಂದರು.

ನಾನು ಕೆಡಿಸಿದ್ದು ಎಂಥ ವಾಚು ಅಂತ ಆಮೇಲೆ ಗೊತ್ತಾಯಿತು ನನಗೆ. 6139 ಬಂದದ್ದು 1969ರಲ್ಲಿ. ತಾನೇ ಸುತ್ತಿಕೊಳ್ಳುವ ಕ್ರೋನೋಗ್ರಾಫ್ ಅಂತ ಜಗತ್ತಿಗೆ ಸಿಕ್ಕಿದ್ದೇ ಆ ವರ್ಷ. ಸ್ವಿಟ್ಜರ್ಲೆಂಡಿನ ಝೆನಿತ್, ಹೊಯರ್ ಮತ್ತು ಅದರ ಜೊತೆಗಾರರು, ಜಪಾನಿನ ಸೈಕೋ, ಎಲ್ಲರೂ ನಾವೇ ಮೊದಲು ಅಂದರು. ಆ ಜಗಳ ಇವತ್ತಿಗೂ ಮುಗಿದಿಲ್ಲ. ವಿಲಿಯಂ ಪೋಗ್ ಎಂಬ ಅಮೆರಿಕದ ಗಗನಯಾತ್ರಿ ಇಂಥದ್ದೇ ಹಳದಿ ಸೈಕೋ ತೆಗೆದುಕೊಂಡು 1973ರಲ್ಲಿ ಸ್ಕೈಲ್ಯಾಬ್ ಎಂಬ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದರು. 84 ದಿನ ಮೇಲಿದ್ದರು. ಸಂಗ್ರಹಕಾರರು ಈ ವಾಚನ್ನು ಈಗಲೂ ಪೋಗ್ ಅಂತಲೇ ಕರೆಯೋದು.

ಸಮಯ ಆಗ್ತಾ ಬಂತು. ಬೆಲೆಯ ಬಗ್ಗೆ ಹೇಳಲೇಬೇಕು ಅಂದಿದ್ದರು, ಒಂದೇ ಮಾತು. ಅಮೆರಿಕದ ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ರೋಲೆಕ್ಸ್ ಡೇಟೋನಾ ಎಂಬ ಕ್ರೋನೋಗ್ರಾಫ್ 2017ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1 ಕೋಟಿ 77 ಲಕ್ಷ ಡಾಲರ್‌ಗೆ ಹೋಯಿತು. ನಿಮ್ಮ ಬೀರುವಿನಲ್ಲಿ ಅದಿಲ್ಲ, ಬಿಡಿ. ಇರೋದನ್ನಾದರೂ ಉಳಿಸಿಕೊಳ್ಳಿ. ಎಣ್ಣೆ ಒಣಗಿದ್ದರೆ ಬಿಚ್ಚಿ ತೊಳೆಸಿ, ಎಣ್ಣೆ ಹಾಕಿಸಿ. ಡಯಲ್ ಮುಟ್ಟಬೇಡಿ, ಪಾಲಿಶ್ ಬೇಡ. ರಿಪೇರಿಗೆ ಕೊಡುವಾಗಲೇ ಇದನ್ನು ಚೀಟಿಯಲ್ಲಿ ಬರೆದು ಕೊಡಿ. ಸುಮ್ನೆ ಬಾಯಲ್ಲಿ ಹೇಳಿದರೆ ಆಗಲ್ಲ.

ಆ ಕಾಲದ ಸೈಕೋ ಇದ್ದರೆ ವಾಚಿನ ಬೆನ್ನು ತಿರುಗಿಸಿ ನೋಡಿ. ಅಲ್ಲಿರುವ ಉದ್ದ ನಂಬರಿನ ಮೊದಲ ಅಂಕಿ ತಯಾರಾದ ವರ್ಷದ ಕೊನೇ ಅಂಕಿ, ಎರಡನೆಯದು ತಿಂಗಳು. ದೊಡ್ಡಪ್ಪನ ವಾಚಿನಲ್ಲಿ ಮೊದಲು ಆರು, ಆಮೇಲೆ ಎರಡು. 1976ರ ಫೆಬ್ರವರಿ. ಮುಂದಿನ ಅಂಕಿಗಳು ಕಾಣುವುದಿಲ್ಲ. ಬೆನ್ನಿಗೂ ಪಾಲಿಶ್ ಹೊಡೆದಿದ್ದರು.

ನಮಸ್ಕಾರ.