ತಡವರಿಸುವ ಮಗುವಿಗೇ ಮೈಕ್ ಕೊಡಿ

ನಮಸ್ಕಾರ. ಇವತ್ತು ನೇರವಾಗಿ ವಿಷಯಕ್ಕೆ ಬರುತ್ತೇನೆ. ತಲೆ ಬಿಸಿಯಾಗಿದೆ.

ಕಳೆದ ಸಂಚಿಕೆಯಲ್ಲಿ ಕ್ಯಾಥೋಲಿಕ್ ಪ್ರೈಮರಿ ಶಾಲೆಯ ಒಂದು ವಾರ ಹೇಗಿರುತ್ತದೆ ಅಂತ ಮಾತಾಡಿದ್ದೆ. ಬೆಳಗಿನ ಪ್ರಾರ್ಥನೆ, ಅಸೆಂಬ್ಲಿ, ಧರ್ಮೋಪದೇಶದ ಪಿರಿಯಡ್, ಕಾಯರ್ ಪ್ರಾಕ್ಟೀಸ್, ವಾರಕ್ಕೊಂದು ದಿನ ಇಡೀ ಶಾಲೆ ಸಾಲಾಗಿ ಚರ್ಚಿಗೆ ಹೋಗುವ ಬಲಿಪೂಜೆ, ಅಂದರೆ ಮಾಸ್. ಅದರ ಮಧ್ಯೆ ಒಂದು ಮಾತು ಹೇಳಿದ್ದೆ. ಆ ಪೂಜೆಯಲ್ಲಿ ವಾಚನ, ಅಂದರೆ ಬೈಬಲಿನ ಒಂದು ಭಾಗ, ಮೈಕ್ ಮುಂದೆ ಓದುವ ಅವಕಾಶ ಎಲ್ಲ ಮಕ್ಕಳಿಗೂ ಸರದಿಯಂತೆ ಬರಲಿ ಅಂದಿದ್ದೆ. ಅಷ್ಟೇ. ಅರ್ಧ ನಿಮಿಷದ ಮಾತು.

ಅದಕ್ಕೆ ಒಬ್ಬರು ಕಾಮೆಂಟ್ ಹಾಕಿದ್ದಾರೆ. ಬಲಿಪೂಜೆ ಏನು ಪ್ರಾಕ್ಟೀಸ್ ಕ್ಲಾಸಾ, ಚೆನ್ನಾಗಿ ಓದುವ ಮಗುವೇ ಓದಲಿ, ದೇವರ ವಾಕ್ಯಕ್ಕೆ ಮರ್ಯಾದೆ ಬೇಡವೇ ಅಂತ. ಕೊನೆಗೆ ಕೈಮುಗಿಯುವ ಎಮೋಜಿ ಬೇರೆ. ಬೈದು ಕೈಮುಗಿಯುವುದೂ ಒಂದು ಕಲೆ, ಎಲ್ಲರಿಗೂ ಬರುವುದಿಲ್ಲ.

ಅದಕ್ಕೆ ಎಷ್ಟು ಲೈಕ್ ಬಂದಿದೆ ಗೊತ್ತಾ? ನನ್ನ ವಿಡಿಯೋಗಿಂತ ಜಾಸ್ತಿ. ಇದು ಬೇರೆ ನೋವು. ಹಾಗಾಗಿ ಇನ್ನೂ ಸಬ್‌ಸ್ಕ್ರೈಬ್ ಮಾಡದವರು ಈಗಲೇ ಮಾಡಿಬಿಡಿ. ಕಾಮೆಂಟ್ ಮುಂದೆ ನನ್ನ ಮಾನ ಉಳಿಸಿ.

ಈಗ ನನ್ನ ಮಾತು ಕೇಳಿ. ಮೊದಲು ಮೆತ್ತಗೆ ಹೇಳುತ್ತೇನೆ. ಶಾಲೆಯ ಬಲಿಪೂಜೆಯಲ್ಲಿ ಓದಲು ತಡವರಿಸುವ ಮಗುವಿಗೂ ಮೈಕ್ ಕೊಡಿ.

ಸಾಮಾನ್ಯವಾಗಿ ಆಗುವುದೇನು? ಟೀಚರ್ ಪಟ್ಟಿ ಮಾಡುತ್ತಾರೆ. ಮೊದಲ ವಾಚನ, ಕ್ಲಾಸಿನ ಜಾಣ ಹುಡುಗಿ. ಕೀರ್ತನೆ, ಅದೇ ಹುಡುಗಿಯ ಗೆಳತಿ. ವಿಶ್ವಾಸಿಗಳ ಪ್ರಾರ್ಥನೆ, ಅದೇ ಹುಡುಗಿಯ ತಮ್ಮ. ಕಾಣಿಕೆ ತರಲು ಇಬ್ಬರು, ಯೂನಿಫಾರ್ಮ್ ಇಸ್ತ್ರಿ ಇರುವವರು. ಉಳಿದವರ ಕೆಲಸ ಏನು? ಕೈಕಟ್ಟಿ ಕೂರುವುದು. ಫಾದರ್ ಪ್ರಸಂಗದಲ್ಲಿ ಪ್ರಶ್ನೆ ಕೇಳಿದರೆ ಎಲ್ಲದಕ್ಕೂ "ಯೇಸು" ಅನ್ನುವುದು. ಅದು ತಪ್ಪೂ ಅಲ್ಲ ಬಿಡಿ, ಬಹಳ ಸಲ ಸರಿ ಉತ್ತರ ಅದೇ ಆಗಿರುತ್ತದೆ.

ವರ್ಷವಿಡೀ ಇದೇ. ಮಗು ಶಾಲೆ ಬಿಡುವ ಹೊತ್ತಿಗೆ ನೂರಾರು ಪೂಜೆ ನೋಡಿರುತ್ತದೆ, ಒಂದು ಸಲವೂ ಪೀಠದ ಪಕ್ಕ ನಿಂತು ಬಾಯಿ ಬಿಟ್ಟಿರುವುದಿಲ್ಲ.

ಮರ್ಯಾದೆ ಅಂದರಲ್ಲ, ಬನ್ನಿ, ಚರ್ಚ್ ಏನು ಹೇಳುತ್ತದೆ ನೋಡೋಣ. 1973ರಲ್ಲಿ ರೋಮ್ ಮಕ್ಕಳ ಬಲಿಪೂಜೆಗೆಂದೇ ಒಂದು ನಿರ್ದೇಶಿಕೆ ಹೊರಡಿಸಿತು. ಅದರಲ್ಲಿ ಸಾಧ್ಯವಾದಷ್ಟು ಹೆಚ್ಚು ಮಕ್ಕಳಿಗೆ ಒಂದೊಂದು ಕೆಲಸ ಕೊಡಿ ಅಂತಲೇ ಇದೆ. ಪೀಠ ಸಿದ್ಧ ಮಾಡುವುದು, ಹಾಡುವುದು, ವಾದ್ಯ ನುಡಿಸುವುದು, ವಾಚನ ಓದುವುದು, ಪ್ರಾರ್ಥನೆ ಹೇಳುವುದು, ಕಾಣಿಕೆ ತರುವುದು. ಸಾಧ್ಯವಾದಷ್ಟು ಹೆಚ್ಚು ಮಕ್ಕಳು. ಸಾಧ್ಯವಾದಷ್ಟು ಜಾಣ ಮಕ್ಕಳು ಅಲ್ಲ! ಒಂದು ವಾಚನವನ್ನೇ ಭಾಗ ಮಾಡಿ ಮೂರು ನಾಲ್ಕು ಮಕ್ಕಳಿಗೆ ಹಂಚಲೂ ಅದರಲ್ಲಿ ದಾರಿ ಇದೆ. ವಾಚನಗಳು ಜಾಸ್ತಿ ಅನ್ನಿಸಿದರೆ ಕಡಿಮೆ ಮಾಡಬಹುದು, ಶುಭಸಂದೇಶ, ಅಂದರೆ ಯೇಸುವಿನ ಬದುಕು ಹೇಳುವ ವಾಚನ, ಅದನ್ನು ಮಾತ್ರ ಬಿಡುವ ಹಾಗಿಲ್ಲ. ಇಷ್ಟೆಲ್ಲ ಸಡಿಲ ಯಾಕೆ ಕೊಟ್ಟರು? ಮಕ್ಕಳು ಮಕ್ಕಳಂತೆ ಬರಲಿ ಅಂತ.

"ಓದುವವರು ಯೋಗ್ಯರಾಗಿರಬೇಕು, ತಯಾರಾಗಿರಬೇಕು ಅಂತಲೂ ಚರ್ಚ್ ನಿಯಮ ಇದೆಯಲ್ಲ ಸರ್?" ಇದೆ. ಒಪ್ಪಿದೆ. ತಯಾರಿ ಯಾರ ಕೆಲಸ? ಏಳು ವರ್ಷದ ಮಗುವಿನದ್ದಾ? ವಾರದ ದಿನಗಳ ಮೊದಲ ವಾಚನ ಎರಡು ವರ್ಷದ ಸುತ್ತಿನಲ್ಲಿ ಬರುತ್ತದೆ, ಭಾನುವಾರದ್ದು ಮೂರು ವರ್ಷದ ಸುತ್ತಿನಲ್ಲಿ. ಅಂದರೆ ಮುಂದಿನ ವರ್ಷ ಯಾವ ದಿನ ಏನು ಓದಬೇಕು ಅಂತ ಈಗಲೇ ಗೊತ್ತು. ಜಗತ್ತಿನಲ್ಲಿ ಇಷ್ಟು ಮೊದಲೇ ಪ್ರಶ್ನೆಪತ್ರಿಕೆ ಸಿಗುವ ಪರೀಕ್ಷೆ ಇನ್ನೊಂದಿಲ್ಲ. ಆದರೂ ಪೂಜೆಯ ಬೆಳಿಗ್ಗೆ ಮಗುವಿನ ಕೈಗೆ ಬೈಬಲಿನ ಥೆಸಲೋನಿಕದವರಿಗೆ ಬರೆದ ಪತ್ರ ಕೊಟ್ಟು "ಓದು ಪುಟ್ಟ" ಅನ್ನುತ್ತಾರೆ. ಥೆಸಲೋನಿಕ! ನಾನೇ ಈ ಹೆಸರು ಹೇಳಲು ಎಷ್ಟು ಟೇಕ್ ತೆಗೆದುಕೊಂಡೆ ಅಂತ ನನ್ನ ಎಡಿಟರ್‌ನ ಕೇಳಿ.

ಸೋಮವಾರ ಹಾಳೆ ಕೊಡಿ. ದೊಡ್ಡ ಅಕ್ಷರದಲ್ಲಿ, ಕಷ್ಟದ ಹೆಸರುಗಳನ್ನು ಬಿಡಿಸಿ ಬರೆದು ಕೊಡಿ. ಮನೆಯಲ್ಲಿ ಓದಲಿ, ಅಜ್ಜಿಗೆ ಓದಿ ಹೇಳಲಿ. ಹಿಂದಿನ ದಿನ ಖಾಲಿ ಚರ್ಚಿಗೆ ಕರೆದುಕೊಂಡು ಹೋಗಿ ಒಂದು ಸಲ ಮೈಕ್ ಮುಂದೆ ನಿಲ್ಲಿಸಿ. ತನ್ನ ದನಿ ಅಷ್ಟು ದೊಡ್ಡದಾಗಿ ವಾಪಸ್ ಕೇಳಿದರೆ ಮಗು ಬೆಚ್ಚಿ ಬೀಳುತ್ತದೆ. ಆ ಬೆಚ್ಚುವುದು ಹಿಂದಿನ ದಿನವೇ ಮುಗಿದು ಹೋಗಲಿ. ಕಾಲಿಗೆ ಒಂದು ಮಣೆ ಹಾಕಿ. ಮೈಕ್ ಹಣೆಗೆ ತಾಗುತ್ತಿದ್ದರೆ ಯಾವ ಜಾಣನೂ ಓದಲಾರ. ಇಷ್ಟು ಮಾಡಿ, ಆಮೇಲೆ ಬಂದು ಮರ್ಯಾದೆ ಬಗ್ಗೆ ಮಾತಾಡಿ.

ಹಾಗಾಗಿ ಎರಡನೇ ಸಲ ಹೇಳುತ್ತೇನೆ, ಸ್ವಲ್ಪ ಜೋರಾಗಿ. ತಡವರಿಸುವ ಮಗುವಿಗೂ ಅಲ್ಲ, ತಡವರಿಸುವ ಮಗುವಿಗೇ ಮೈಕ್ ಕೊಡಿ. ಮೊದಲು ಅದಕ್ಕೆ. ಜಾಣ ಹುಡುಗಿ ಹೇಗೂ ಓದುತ್ತಾಳೆ. ಅವಳಿಗೇ ಪ್ರತಿ ವಾರ ಕೊಡುವುದು ಗಟ್ಟಿ ಇರುವ ಗೋಡೆಗೇ ಮತ್ತೆ ಮತ್ತೆ ಸಿಮೆಂಟ್ ಬಳಿದ ಹಾಗೆ.

ಮರ್ಯಾದೆ ಅನ್ನುವವರಿಗೆ ಒಂದು ಪ್ರಶ್ನೆ. ನಿಮ್ಮ ಶಾಲೆಗಳಿಗೆ ಯಾರ ಹೆಸರು ಇಟ್ಟಿದ್ದೀರಿ? ಸಂತ ಬರ್ನಡೆಟ್. 1858ರಲ್ಲಿ ಫ್ರಾನ್ಸ್‌ನ ಲೂರ್ದ್‌ನ ಗುಹೆಯಲ್ಲಿ ಮರಿಯಮ್ಮನ ದರ್ಶನವಾದಾಗ ಅವಳಿಗೆ 14 ವರ್ಷ. ಓದಲು ಬರುತ್ತಿರಲಿಲ್ಲ. ಪ್ರಥಮ ಪರಮಪ್ರಸಾದವೂ, ಅಂದರೆ ಪೂಜೆಯ ಪವಿತ್ರ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸುವುದೂ, ಆಗಿರಲಿಲ್ಲ. ಇವತ್ತು ಅವಳು ನಿಮ್ಮ ಶಾಲೆಗೆ ಬಂದರೆ ವಾಚನದ ಪಟ್ಟಿಯಲ್ಲಿ ಅವಳ ಹೆಸರು ಇರುತ್ತಿತ್ತಾ? ಅವಳ ಹೆಸರಿನ ಶಾಲೆಯಲ್ಲೇ ಇರುತ್ತಿರಲಿಲ್ಲ! ಸಂತ ಜಾನ್ ವಿಯಾನಿ, ಲ್ಯಾಟಿನ್ ತಲೆಗೆ ಹತ್ತದೆ, ಫಾದರ್ ಆಗಲು ಓದುವ ಗುರುಮಠದಿಂದಲೇ ವಾಪಸ್ ಬಂದವರು. ಅವರನ್ನೇ 1929ರಲ್ಲಿ ಧರ್ಮಕೇಂದ್ರದ ಗುರುಗಳಿಗೆಲ್ಲ, ಅಂದರೆ ಊರೂರಿನ ಚರ್ಚಿನ ಫಾದರ್‌ಗಳಿಗೆಲ್ಲ, ಪಾಲಕ ಸಂತ ಮಾಡಿದರು. ಕುಪರ್ಟಿನೋದ ಸಂತ ಜೋಸೆಫ್, ಓದಿನಲ್ಲಿ ತೀರಾ ಹಿಂದೆ. ಪರೀಕ್ಷೆ ಬರೆಯುವ ಮಕ್ಕಳು ಇವತ್ತಿಗೂ ಪ್ರಾರ್ಥನೆ ಮಾಡುವುದು ಅವರಿಗೇ. ಗೋಡೆ ಮೇಲೆ ಇವರ ಫೋಟೋ. ಗೋಡೆ ಕೆಳಗೆ ಕೂತ ಇವರಂಥ ಮಗುವಿಗೆ "ನೀನು ಸುಮ್ನೆ ಕೂತ್ಕೋ."

ಇನ್ನೂ ಬೇಕಾ? ಬೈಬಲಿನ ವಿಮೋಚನಕಾಂಡ ತೆಗೆಯಿರಿ, ನಾಲ್ಕನೇ ಅಧ್ಯಾಯ. ದೇವರು ಮೋಶೆಯನ್ನು ಕರೆದರೆ ಅವನು ಏನು ಹೇಳಿದ? ನನಗೆ ಮಾತು ಸರಿಯಾಗಿ ಬರುವುದಿಲ್ಲ, ನಾಲಿಗೆ ಮಂದ ಅಂದ. ಸರಿ ಬಿಡಪ್ಪ, ಫಸ್ಟ್ ರ‍್ಯಾಂಕ್ ಬಂದವರನ್ನು ಕಳಿಸುತ್ತೇನೆ ಅಂತ ದೇವರು ಅಂದನಾ?

ಈಗ ಯಾರೋ ಟೈಪ್ ಮಾಡುತ್ತಿದ್ದಾರೆ, ನನಗೆ ಇಲ್ಲಿಂದಲೇ ಕೇಳುತ್ತಿದೆ. "ಸರ್, ಕೊನೆಗೆ ಮಾತಾಡಿದ್ದು ಆರೋನ ಅಲ್ವಾ?" ಹೌದಪ್ಪ, ಪಂಡಿತ. ಆದರೆ ಮೋಶೆಯನ್ನು ಕೆಲಸದಿಂದ ತೆಗೆಯಲಿಲ್ಲ. ಪಕ್ಕಕ್ಕೆ ಅಣ್ಣ ಆರೋನನನ್ನು ದೇವರು ನಿಲ್ಲಿಸಿದ. ನಾನು ಹೇಳುವುದೂ ಅದೇ! ಎಷ್ಟೋ ಶಾಲೆಗಳಲ್ಲಿ ಪೂಜೆಗೆ ಹೋಗುವಾಗ ದೊಡ್ಡ ಕ್ಲಾಸಿನ ಒಂದು ಮಗು, ಚಿಕ್ಕ ಕ್ಲಾಸಿನ ಒಂದು ಮಗು ಜೊತೆ ಮಾಡಿ ಕೂರಿಸುತ್ತಾರೆ. ಪುಸ್ತಕದ ಪುಟ ತೋರಿಸುವುದು, ಯಾವಾಗ ಏಳಬೇಕು, ಯಾವಾಗ ಮೊಣಕಾಲೂರಬೇಕು ಅಂತ ಹೇಳುವುದು ದೊಡ್ಡ ಮಗುವಿನ ಕೆಲಸ. ಎಷ್ಟು ಚಂದದ ಪದ್ಧತಿ ಅದು. ಅದೇ ದೊಡ್ಡ ಮಗು ಮೈಕ್ ಪಕ್ಕವೂ ನಿಲ್ಲಲಿ. ಚಿಕ್ಕದು ಸಿಕ್ಕಿಹಾಕಿಕೊಂಡರೆ ಕಿವಿಯಲ್ಲಿ ಒಂದು ಪದ ಹೇಳಲಿ. ಸಮಸ್ಯೆ ಮುಗಿಯಿತು. ಆರೋನನೂ ಖುಷಿ, ಮೋಶೆಯೂ ಖುಷಿ.

ಒಂದು ನಿಮಿಷ. ನಮ್ಮ ಚಾನೆಲ್‌ನ ಮಗ್ ಬಂದಿದೆ ಅಂತ ಹೇಳುವುದು ಮರೆತೆ. ಅದರ ಮೇಲೆ "ಸ್ವಲ್ಪ ಜೋರಾಗಿ ಹೇಳುತ್ತೇನೆ" ಅಂತ ಬರೆದಿದೆ. ಲಿಂಕ್ ಕೆಳಗಿದೆ. ಆಯ್ತು, ವಾಪಸ್ ಬರೋಣ.

ಇಡೀ ವಾರದಲ್ಲಿ ಇದನ್ನು ಸರಿಯಾಗಿ ಮಾಡುವ ಒಂದೇ ಜಾಗ ಇದೆ. ಜಪಸರ. ಮಣಿ ಎಣಿಸುತ್ತಾ ಮರಿಯಮ್ಮನಿಗೆ ಹೇಳುವ ಪ್ರಾರ್ಥನೆ ಅದು. ಅಕ್ಟೋಬರ್ ಜಪಸರದ ತಿಂಗಳು, ಆಗ ಕ್ಲಾಸ್ ಕ್ಲಾಸಲ್ಲೂ ಹೇಳಿಸುತ್ತಾರೆ. ಐದು ರಹಸ್ಯ, ಅಂದರೆ ಯೇಸು, ಮರಿಯಮ್ಮನ ಬದುಕಿನ ಐದು ಘಟನೆ, ಒಂದೊಂದಕ್ಕೆ ಹತ್ತು ಸಲ ನಮೋ ಮರಿಯಾ ಪ್ರಾರ್ಥನೆ. ಐವತ್ತು. ಮಕ್ಕಳು ಸುತ್ತ ಕೂತು ಒಂದೊಂದು ಹೇಳಿಕೊಂಡು ಹೋಗುತ್ತಾರೆ. ಅಲ್ಲಿ ಯಾರೂ ಜಾಣರನ್ನು ಆರಿಸುವುದಿಲ್ಲ. ಮಣಿ ಯಾರ ಸರದಿಗೆ ಬಂತೋ ಅವರು. ಒಬ್ಬ ಓಡಿಸುತ್ತಾನೆ, ಒಬ್ಬಳು ಮಧ್ಯೆ ನಿಲ್ಲಿಸುತ್ತಾಳೆ, ಇನ್ನೊಬ್ಬನಿಗೆ ಅರ್ಧದಲ್ಲಿ ಮರೆತು ಹೋಗುತ್ತದೆ, ಉಳಿದವರು ಎತ್ತಿಕೊಡುತ್ತಾರೆ. ಮರಿಯಮ್ಮನ ಮರ್ಯಾದೆಗೆ ಏನಾದರೂ ಆಯಿತಾ? ಆಗಲಿಲ್ಲ ಅಲ್ವಾ? ಹಾಗಾದರೆ ಚರ್ಚಿನ ಬಾಗಿಲು ದಾಟಿದ ಕೂಡಲೇ ರೂಲ್ಸ್ ಯಾಕೆ ಬದಲಾಗುತ್ತದೆ?

ಪ್ರಥಮ ಪರಮಪ್ರಸಾದದ ವಿಷಯ ನೋಡಿ. ಹಿಂದೆ ಮಕ್ಕಳನ್ನು ಹತ್ತು, ಹನ್ನೆರಡು ವರ್ಷದವರೆಗೂ ಕಾಯಿಸುತ್ತಿದ್ದರು. ಇನ್ನೂ ತಿಳಿವಳಿಕೆ ಸಾಲದು, ಇನ್ನೂ ಕಲಿಯಲಿ ಅಂತ. 1910ರಲ್ಲಿ ಹತ್ತನೇ ಪಯಸ್ ಪೋಪ್ ಅದನ್ನು ಬದಲಿಸಿದರು. ಸುಮಾರು ಏಳು ವರ್ಷ ಸಾಕು, ಎಲ್ಲವೂ ಪೂರ್ತಿ ಬಾಯಿಗೆ ಬರಬೇಕಿಲ್ಲ, ಇದು ಬರೀ ರೊಟ್ಟಿ ಅಲ್ಲ ಅಂತ ಮಗುವಿಗೆ ತಿಳಿದರೆ ಸಾಕು ಅಂದರು. ಪರಮಪ್ರಸಾದಕ್ಕೇ ಫುಲ್ ಮಾರ್ಕ್ಸ್ ಬೇಡ ಸ್ವಾಮಿ! ನಾಲ್ಕು ಸಾಲು ವಾಚನಕ್ಕೆ ಬೇಕಾ?

ಲಾ ಸಾಲ್ ಅವರನ್ನು ಮರೆತುಬಿಟ್ಟೆ. ಸಂತ ಜಾನ್ ಬ್ಯಾಪ್ಟಿಸ್ಟ್ ಡಿ ಲಾ ಸಾಲ್, ಶಿಕ್ಷಕರ ಪಾಲಕ ಸಂತ. ಹದಿನೇಳನೇ ಶತಮಾನದ ಫ್ರಾನ್ಸ್‌ನಲ್ಲಿ ಮಕ್ಕಳಿಗೆ ಲ್ಯಾಟಿನ್‌ನಲ್ಲಿ ಓದು ಶುರು ಮಾಡಿಸುವುದು ವಾಡಿಕೆ. ಇವರು ಬೇಡ, ಅವರಾಡುವ ಫ್ರೆಂಚ್‌ನಲ್ಲೇ ಮೊದಲು ಓದಲಿ ಅಂದರು. ಬಡವರ ಮಕ್ಕಳು ಓದಲಿ ಅಂತ ಇಡೀ ಕ್ರಮವನ್ನೇ ತಲೆಕೆಳಗು ಮಾಡಿದವರು. ನೀವು ಒಂದು ಮೈಕ್ ಎತ್ತರ ಇಳಿಸಲು ತಯಾರಿಲ್ಲ.

"ಮಗು ತಪ್ಪು ಓದಿದರೆ ಉಳಿದವರು ನಗುತ್ತಾರೆ." ಯಾಕೆ ನಗುತ್ತಾರೆ? ವರ್ಷವಿಡೀ ಒಬ್ಬಳೇ ಓದಿದ್ದನ್ನು ಕೇಳಿ, ಓದುವುದೆಂದರೆ ಅದೇ ಅಂದುಕೊಂಡಿರುತ್ತಾರೆ, ಅದಕ್ಕೆ. ಪ್ರತಿ ವಾರ ಒಬ್ಬೊಬ್ಬರು ತಡವರಿಸಲಿ, ಯಾರು ಯಾರನ್ನು ನೋಡಿ ನಗುತ್ತಾರೆ? "ಮಗುವಿಗೆ ಇಷ್ಟವಿಲ್ಲದಿದ್ದರೆ?" ಬೇಡ ಬಿಡಿ, ಎಳೆದು ತನ್ನಿ ಅಂದವರು ಯಾರು? ಕಾಣಿಕೆ ತರಲಿ, ಗಂಟೆ ಹೊಡೆಯಲಿ. "ಸಮಯ ಜಾಸ್ತಿ ಆಗುತ್ತದೆ." ಹೌದಾ? ಫಾದರ್ ಪ್ರಸಂಗ ಬೆಳೆಸಿದಾಗ ಗಡಿಯಾರ ನೋಡಿದ್ದೀರಾ? ನೋಡಿದ್ದೀರಿ. ಹೇಳಿದ್ದೀರಾ? ಇಲ್ಲ.

"ಪೋಷಕರು ವಿಡಿಯೋ ಮಾಡುತ್ತಾರೆ ಸರ್, ಶಾಲೆಯ ಹೆಸರು..." ಓಹೋ. ಬಂತು. ಈಗ ಹೊರಗೆ ಬಂತು ನಿಜವಾದ ಮರ್ಯಾದೆ. ದೇವರ ವಾಕ್ಯದ ಮರ್ಯಾದೆ ಅಲ್ಲ ಅದು, ವಾಟ್ಸಾಪ್ ಸ್ಟೇಟಸ್‌ನ ಮರ್ಯಾದೆ.

ಇದೇ ರೋಗ ಕ್ರಿಸ್ಮಸ್ ನಾಟಕದಲ್ಲೂ ಇದೆ. ಮರಿಯ ಯಾರು? ಜಾಣ ಹುಡುಗಿ. ಗಬ್ರಿಯೇಲ ದೂತ ಯಾರು? ಜಾಣ ಹುಡುಗ. ಉಳಿದವರೆಲ್ಲ ಕುರಿ. ಮೂರು ವರ್ಷ ಕುರಿಯಾದ ಮಗು ನಾಲ್ಕನೇ ವರ್ಷ ಬಡ್ತಿ ಪಡೆದು ಒಂಟೆ ಆಗುತ್ತದೆ. 1223ರಲ್ಲಿ ಸಂತ ಫ್ರಾನ್ಸಿಸ್ ಗ್ರೆಚ್ಚಿಯೋ ಊರಿನಲ್ಲಿ ನಿಜವಾದ ಎತ್ತು, ಕತ್ತೆ ತರಿಸಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯ, ಮಾಡಿದರು. ಎತ್ತಿಗೆ ಆಡಿಷನ್ ಮಾಡಿದರಾ?

ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ಮಕ್ಕಳು ಡಬ್ಬಿಯಲ್ಲಿ ದಾನದ ದುಡ್ಡು ಕೂಡಿಸುವುದು ಇರುತ್ತದಲ್ಲ, ಅಲ್ಲೂ ಇದೇ. ಯಾವ ಕ್ಲಾಸ್ ಜಾಸ್ತಿ ದುಡ್ಡು ತಂದಿತು ಅಂತ ಅಸೆಂಬ್ಲಿಯಲ್ಲಿ ಚಪ್ಪಾಳೆ. 1843ರಲ್ಲಿ ಫ್ರಾನ್ಸ್‌ನಲ್ಲಿ ಬಿಷಪ್ ಫೋರ್ಬಿನ್-ಜಾನ್ಸನ್ ಮಕ್ಕಳೇ ಮಕ್ಕಳಿಗೆ ನೆರವಾಗುವ ಮಕ್ಕಳ ಮಿಷನ್ ಶುರು ಮಾಡಿದಾಗ ಕೇಳಿದ್ದು ಏನು ಗೊತ್ತಾ? ದಿನಕ್ಕೊಂದು ನಮೋ ಮರಿಯಾ, ತಿಂಗಳಿಗೊಂದು ಚಿಲ್ಲರೆ ಕಾಸು. ಪ್ರತಿ ಮಗುವಿಗೂ ಅಷ್ಟೇ. ಅದಕ್ಕೆ ಫಸ್ಟ್ ಪ್ರೈಜ್ ಯಾರು ತಂದಿಟ್ಟರೋ. ಶುಕ್ರವಾರದ ಅಸೆಂಬ್ಲಿಯಲ್ಲಿ ವಾರದ ವಿದ್ಯಾರ್ಥಿ ಸರ್ಟಿಫಿಕೇಟ್, ಅದೂ... ಬೇಡ, ಅದಕ್ಕೆ ಕೈ ಹಾಕಿದರೆ ಇವತ್ತು ಮನೆಗೆ ಹೋಗುವುದಿಲ್ಲ.

ಮೂರನೇ ಸಲ ಹೇಳುತ್ತೇನೆ. ಹೆಡ್‌ಫೋನ್ ಹಾಕಿದವರು ತೆಗೆದುಬಿಡಿ. ತಡವರಿಸುವ ಮಗುವಿಗೇ ಮೈಕ್ ಕೊಡಿ! ಕೊಡಿ! ಯಾಕೆ ಅಂತ ಇನ್ನೂ ಕೇಳುತ್ತೀರಾ? ಕೊಡಬೇಕು, ಅದಕ್ಕೆ! ಇಷ್ಟು ಹೊತ್ತು ಹೇಳಿದ್ದು ಸಾಲದಿದ್ದರೆ ವಿಡಿಯೋ ಮತ್ತೆ ಮೊದಲಿಂದ ನೋಡಿ. ನನಗೂ ವ್ಯೂಸ್ ಬರುತ್ತದೆ.

ಟೀಚರ್‌ಗಳು ಯಾರಾದರೂ ನೋಡುತ್ತಿದ್ದರೆ ಸಿಟ್ಟಾಗಬೇಡಿ. ಆಗಿ, ಪರವಾಗಿಲ್ಲ. ಕಾಮೆಂಟ್ ಹಾಕಿ. ಎಮೋಜಿ ಬೇಡ. ಪಟ್ಟಿ ಹಾಕಿ, ನಿಮ್ಮ ಶಾಲೆಯಲ್ಲಿ ಈ ವರ್ಷ ವಾಚನ ಓದಿದ ಮಕ್ಕಳು ಎಷ್ಟು ಅಂತ. ಹೆಸರು ಬೇಡ, ಸಂಖ್ಯೆ ಸಾಕು. ನಾನು ಪಿನ್ ಮಾಡುತ್ತೇನೆ.

ಶೇರ್ ಮಾಡಿ, ಬೆಲ್ ಒತ್ತಿ, ಮಗ್ ತಗೊಳ್ಳಿ. ಮುಂದಿನ ವಾರ ಕಾಯರ್ ಪ್ರಾಕ್ಟೀಸ್‌ನಲ್ಲಿ ಹಿಂದಿನ ಸಾಲಿನ ಮಗುವಿಗೆ "ನೀನು ಹಾಡಬೇಡ, ಬಾಯಿ ಮಾತ್ರ ಆಡಿಸು" ಅನ್ನುವವರ ವಿಚಾರ. ಅದಕ್ಕೆ ಈಗಲೇ ಗಂಟಲು ಕಾಯಿಸಿಕೊಳ್ಳುತ್ತಿದ್ದೇನೆ.