ಆರೋಪಪಟ್ಟಿಯ ಕೆಳಗಿನ ಸಹಿ

ಕೇಳುಗರೇ, ನಮಸ್ಕಾರ.

2025ರ ಸೆಪ್ಟೆಂಬರ್ 25ರಂದು ಅಮೆರಿಕದ ವರ್ಜೀನಿಯಾ ರಾಜ್ಯದ ಅಲೆಕ್ಸಾಂಡ್ರಿಯಾದಲ್ಲಿ ಎಫ್‌ಬಿಐನ ಮಾಜಿ ನಿರ್ದೇಶಕ ಜೇಮ್ಸ್ ಕೋಮಿ ಅವರ ಮೇಲೆ ಆರೋಪಪಟ್ಟಿ ದಾಖಲಾಯಿತು. ಐದು ವರ್ಷಗಳ ಹಿಂದೆ, 2020ರ ಸೆಪ್ಟೆಂಬರ್ 30ರಂದು, ಸೆನೆಟ್ ಸಮಿತಿಯ ಮುಂದೆ ಅವರು ಸುಳ್ಳು ಹೇಳಿದರೆಂಬುದು ಆರೋಪದ ತಿರುಳು. ಮೊಕದ್ದಮೆ ಹೂಡುವ ಕಾಲಮಿತಿ ಮುಗಿಯಲು ಉಳಿದಿದ್ದುದು ಐದೇ ದಿನ. ಇಂಥ ಕಾಗದದ ಕೊನೆಯಲ್ಲಿ ಸಾಮಾನ್ಯವಾಗಿ ಸಾಕ್ಷ್ಯಗಳನ್ನು ತಿಂಗಳುಗಟ್ಟಲೆ ತೂಗಿ ನೋಡಿದ ಕಾಯಂ ಸರ್ಕಾರಿ ವಕೀಲರ ಸಹಿ ಇರುತ್ತದೆ. ಇದರಲ್ಲಿದ್ದುದು ಲಿಂಡ್ಸೆ ಹ್ಯಾಲಿಗನ್ ಅವರೊಬ್ಬರ ಸಹಿ. ಅವರು ಆ ಜಿಲ್ಲೆಯ ಯು.ಎಸ್. ಅಟಾರ್ನಿ, ಎಂದರೆ ಅಲ್ಲಿನ ಒಕ್ಕೂಟ ಸರ್ಕಾರದ ವಕೀಲರ ಮುಖ್ಯಸ್ಥರ ಹುದ್ದೆಗೆ ಬಂದು ವಾರ ಕಳೆದಿರಲಿಲ್ಲ. ಹಿಂದೆ ಅಧ್ಯಕ್ಷ ಟ್ರಂಪ್ ಅವರ ಖಾಸಗಿ ವಕೀಲರಲ್ಲಿ ಒಬ್ಬರಾಗಿದ್ದರು. ಸರ್ಕಾರದ ಪರವಾಗಿ ಯಾವ ಮೊಕದ್ದಮೆಯನ್ನೂ ಅದುವರೆಗೆ ನಡೆಸಿದವರಲ್ಲ. ಆ ಕಚೇರಿಯ ಅನುಭವಿಗಳು ಯಾರೂ ಆ ಕಾಗದಕ್ಕೆ ತಮ್ಮ ಹೆಸರು ಸೇರಿಸಲಿಲ್ಲ.

ಅಮೆರಿಕದ ಒಕ್ಕೂಟ ಸರ್ಕಾರದ ತನಿಖೆ ಮತ್ತು ಮೊಕದ್ದಮೆಗಳಲ್ಲಿ ರಾಜಕೀಯದ ಕೈ ಎಷ್ಟರ ಮಟ್ಟಿಗೆ ಇರಬಹುದು ಎಂಬ ಜಗಳ ಹಳೆಯದು. ಡೆಮಾಕ್ರಟರೂ ರಿಪಬ್ಲಿಕನ್ನರೂ ಅದನ್ನು ಸರದಿಯಂತೆ ಆಡುತ್ತ ಬಂದಿದ್ದಾರೆ. ಭಾಷಣಗಳನ್ನೂ ಟಿವಿ ಚರ್ಚೆಗಳನ್ನೂ ಪಕ್ಕಕ್ಕಿಟ್ಟು, ಯಾವ ಕಾಗದಕ್ಕೆ ಯಾರು ಸಹಿ ಹಾಕಿದರು, ಯಾರು ಹಾಕಲು ಒಲ್ಲೆ ಎಂದರು ಎಂಬುದನ್ನಷ್ಟೇ ನೋಡಿದರೆ ಈ ಜಗಳದ ಒಳಗು ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆಂಬುದು ನನ್ನ ಎಣಿಕೆ.

ಮೊದಲು ಏರ್ಪಾಡನ್ನು ಸ್ವಲ್ಪ ನೋಡೋಣ. ಅಟಾರ್ನಿ ಜನರಲ್ ಹುದ್ದೆ 1789ರದು, ಅವರು ಮುಖ್ಯಸ್ಥರಾಗಿರುವ ನ್ಯಾಯ ಇಲಾಖೆ 1870ರದು. ದೇಶದ 94 ಫೆಡರಲ್ ನ್ಯಾಯ ಜಿಲ್ಲೆಗಳಿಗೆ 93 ಮಂದಿ ಯು.ಎಸ್. ಅಟಾರ್ನಿಗಳಿರುತ್ತಾರೆ. ಅವರನ್ನು ಅಧ್ಯಕ್ಷರು ಸೆನೆಟ್ಟಿನ ಒಪ್ಪಿಗೆ ಪಡೆದು ನೇಮಿಸುತ್ತಾರೆ, ಬೇಕೆಂದಾಗ ತೆಗೆಯಲೂ ಬಲ್ಲರು. 1993ರಲ್ಲಿ ಕ್ಲಿಂಟನ್ ಸರ್ಕಾರ ಬಂದಾಗ ಹಿಂದಿನ ಸರ್ಕಾರದ ಕಾಲದ ಅಟಾರ್ನಿಗಳೆಲ್ಲರ ರಾಜೀನಾಮೆಯನ್ನು ಒಟ್ಟಿಗೇ ಕೇಳಿತು. ಗೊಣಗಾಟ ಎದ್ದಿತಾದರೂ ಕಾನೂನು ಮುರಿದರೆಂದು ಹೇಳುವಂತಿರಲಿಲ್ಲ. ಎಂದರೆ, ನೇಮಕ ರಾಜಕೀಯದ್ದು, ಕೆಲಸ ಮಾತ್ರ ರಾಜಕೀಯದ್ದಾಗಬಾರದು ಎಂಬ ನಿರೀಕ್ಷೆ. ಇವೆರಡರ ನಡುವಿನ ಗೋಡೆ ಬಹುಪಾಲು ಕಟ್ಟಿಕೊಂಡಿರುವುದು ಕಾನೂನಿನಿಂದಲ್ಲ, ವಾಡಿಕೆಯಿಂದ. ಎಫ್‌ಬಿಐ ನಿರ್ದೇಶಕರಿಗೆ ಹತ್ತು ವರ್ಷದ ಅವಧಿಯೆಂದು 1976ರಲ್ಲಿ ಕಾನೂನು ಬಂದುದು ಎಡ್ಗರ್ ಹೂವರ್ 48 ವರ್ಷ ಆ ಕುರ್ಚಿಯಲ್ಲಿ ಕುಳಿತು ಏನೇನು ಮಾಡಿದರೆಂಬುದನ್ನು ಕಂಡ ಮೇಲೆ. ಆದರೆ ಅವಧಿ ಮುಗಿಯುವ ಮೊದಲೇ ತೆಗೆದುಹಾಕುವುದಕ್ಕೆ ಆ ಕಾನೂನಿನಲ್ಲಿ ಅಡ್ಡಿಯಿಲ್ಲ. 2017ರ ಮೇ 9ರಂದು ಇದೇ ಕೋಮಿ ಅವರಿಗೆ ಆದದ್ದೂ ಅದೇ.

ಸಹಿಯ ಕಥೆಗಳಲ್ಲಿ ಎಲ್ಲರಿಗೂ ಗೊತ್ತಿರುವುದು 1973ರ ಅಕ್ಟೋಬರ್ 20ರ ಶನಿವಾರ ರಾತ್ರಿಯದು. ವಾಟರ್‌ಗೇಟ್ ಹಗರಣದ ತನಿಖೆ ನಡೆಸುತ್ತಿದ್ದ ಆರ್ಚಿಬಾಲ್ಡ್ ಕಾಕ್ಸ್, ಅಧ್ಯಕ್ಷ ನಿಕ್ಸನ್ ಅವರ ಮಾತುಕತೆಗಳ ಧ್ವನಿಸುರುಳಿಗಳನ್ನು ಒಪ್ಪಿಸಿರೆಂದು ಕೇಳಿದರು. ಕಾಕ್ಸ್ ಅವರನ್ನು ವಜಾ ಮಾಡಿರೆಂದು ನಿಕ್ಸನ್ ಹೇಳಿದರು. ಅಟಾರ್ನಿ ಜನರಲ್ ಎಲಿಯಟ್ ರಿಚರ್ಡ್ಸನ್ ಆ ಆದೇಶಕ್ಕೆ ಸಹಿ ಹಾಕದೆ ರಾಜೀನಾಮೆ ಕೊಟ್ಟರು. ಅವರ ನಂತರದ ವಿಲಿಯಂ ರಕಲ್ಸ್‌ಹೌಸ್ ಅವರೂ ಹಾಕಲಿಲ್ಲ. ಮೂರನೆಯವರಾದ ರಾಬರ್ಟ್ ಬೋರ್ಕ್ ಹಾಕಿದರು. ಆ ವಜಾ ಕಾನೂನುಬಾಹಿರವೆಂದು ಮುಂದಿನ ತಿಂಗಳು ಜಿಲ್ಲಾ ನ್ಯಾಯಾಲಯವೊಂದು ಹೇಳಿತು. ಗಮನಿಸಬೇಕಾದದ್ದೆಂದರೆ, ಒಲ್ಲೆನೆಂದ ಇಬ್ಬರೂ ನಿಕ್ಸನ್ ಅವರದೇ ಪಕ್ಷದವರು, ಅವರೇ ನೇಮಿಸಿದವರು.

ನನಗೆ ಇದಕ್ಕಿಂತ ಕುತೂಹಲವೆನಿಸುವುದು 2006ರ ಪ್ರಕರಣ. ಅದರಲ್ಲಿ ಶನಿವಾರ ರಾತ್ರಿಯ ನಾಟಕೀಯತೆ ಇಲ್ಲ. ಇರುವುದು ಶಾಸನದ ಒಂದು ಸಣ್ಣ ಕಲಮು. ಯು.ಎಸ್. ಅಟಾರ್ನಿ ಹುದ್ದೆ ತೆರವಾದರೆ ಅಟಾರ್ನಿ ಜನರಲ್ 120 ದಿನಗಳ ಮಟ್ಟಿಗೆ ಹಂಗಾಮಿ ನೇಮಕ ಮಾಡಬಹುದು, ಆಮೇಲೆ ಆ ಅಧಿಕಾರ ಜಿಲ್ಲಾ ನ್ಯಾಯಾಧೀಶರಿಗೆ ಹೋಗುತ್ತದೆ ಎಂದು 1986ರಿಂದ ನಿಯಮವಿತ್ತು. 2006ರಲ್ಲಿ ಭಯೋತ್ಪಾದನೆ ತಡೆಯ ಪೇಟ್ರಿಯಟ್ ಕಾಯ್ದೆಯನ್ನು ನವೀಕರಿಸುವಾಗ ಆ 120 ದಿನಗಳ ಮಿತಿ ಹೆಚ್ಚು ಸದ್ದಿಲ್ಲದೆ ಮಾಯವಾಯಿತು. ಅದೇ ವರ್ಷ ಡಿಸೆಂಬರ್ 7ರಂದು ಬುಷ್ ಸರ್ಕಾರ ಏಳು ಮಂದಿ ಅಟಾರ್ನಿಗಳಿಗೆ ಹುದ್ದೆ ಬಿಡುವಂತೆ ಒಂದೇ ದಿನ ತಿಳಿಸಿತು. ಅವರೆಲ್ಲ ಆ ಸರ್ಕಾರವೇ ನೇಮಿಸಿದವರು. ನ್ಯೂ ಮೆಕ್ಸಿಕೋದ ಡೇವಿಡ್ ಇಗ್ಲೇಷಿಯಸ್ ಅವರಿಗೆ ಆ ವರ್ಷದ ಚುನಾವಣೆಗೆ ಮುನ್ನ ಅದೇ ರಾಜ್ಯದ ಸೆನೆಟರ್ ಪೀಟ್ ಡೊಮಿನಿಚಿ ಮನೆಗೇ ಫೋನ್ ಮಾಡಿ, ಡೆಮಾಕ್ರಟರನ್ನು ಒಳಗೊಂಡ ಒಂದು ಭ್ರಷ್ಟಾಚಾರ ಪ್ರಕರಣದ ಬಗ್ಗೆ ವಿಚಾರಿಸಿದ್ದರೆಂಬುದು ಹೊರಬಿತ್ತು. ಅಟಾರ್ನಿ ಜನರಲ್ ಆಲ್ಬರ್ಟೊ ಗೊನ್ಸಾಲಿಸ್ 2007ರಲ್ಲಿ ಹುದ್ದೆ ಬಿಡಬೇಕಾಯಿತು. ಕಾಂಗ್ರೆಸ್ 120 ದಿನಗಳ ಮಿತಿಯನ್ನು ಮತ್ತೆ ತಂದಿತು. ಸೆನೆಟ್ಟಿನಲ್ಲಿ ಅದಕ್ಕೆ ಬಿದ್ದ ಮತ 94, ವಿರುದ್ಧ 2. ಈ ಕಲಮನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ.

ಆಮೇಲಿನ ಹತ್ತು ವರ್ಷಗಳಲ್ಲಿ ಗಾಯಗಳು ಎರಡೂ ಕಡೆ ಕೂಡಿಬಿದ್ದವು. 2016ರ ಚುನಾವಣೆಗೆ ಹನ್ನೊಂದು ದಿನ ಮುಂಚೆ ಹಿಲರಿ ಕ್ಲಿಂಟನ್ ಅವರ ಇ-ಮೇಲ್ ತನಿಖೆಯನ್ನು ಮತ್ತೆ ತೆರೆದಂತೆ ಕಾಣುವ ಪತ್ರವನ್ನು ಕೋಮಿ ಕಾಂಗ್ರೆಸ್ಸಿಗೆ ಬರೆದುದನ್ನು ಡೆಮಾಕ್ರಟರು ಮರೆತಿಲ್ಲ. ಟ್ರಂಪ್ ಪ್ರಚಾರ ತಂಡದ ಮಾಜಿ ಸಲಹೆಗಾರನ ಮೇಲೆ ಕಣ್ಗಾವಲಿಡಲು ಎಫ್‌ಬಿಐ ಸಲ್ಲಿಸಿದ ಅರ್ಜಿಗಳಲ್ಲಿ 17 ಗಂಭೀರ ತಪ್ಪು ಮತ್ತು ಲೋಪಗಳಿದ್ದವೆಂದು ನ್ಯಾಯ ಇಲಾಖೆಯ ಒಳ ತಪಾಸಣಾಧಿಕಾರಿಯಾದ ಇನ್‌ಸ್ಪೆಕ್ಟರ್ ಜನರಲ್ 2019ರ ಡಿಸೆಂಬರಿನಲ್ಲಿ ಹೇಳಿದುದನ್ನು ರಿಪಬ್ಲಿಕನ್ನರು ಮರೆತಿಲ್ಲ. ಅದೇ ವರದಿ, ತನಿಖೆ ಆರಂಭಿಸಿದ್ದು ರಾಜಕೀಯ ಪಕ್ಷಪಾತದಿಂದ ಎಂಬುದಕ್ಕೆ ಪುರಾವೆ ಸಿಗಲಿಲ್ಲವೆಂದೂ ಹೇಳಿತ್ತು. ಒಂದೇ ವರದಿಯ ಅರ್ಧರ್ಧವನ್ನು ಒಂದೊಂದು ಪಕ್ಷ ಹಂಚಿಕೊಂಡಿತು. ಬೈಡನ್ ಕಾಲದಲ್ಲಿ ಟ್ರಂಪ್ ಅವರ ಮೇಲೆ ಎರಡು ಫೆಡರಲ್ ಮೊಕದ್ದಮೆಗಳು ದಾಖಲಾದವು, ಕಾನೂನೇ ಆಯುಧವಾಯಿತೆಂಬ ಕೂಗು ರಿಪಬ್ಲಿಕನ್ನರದಾಯಿತು. 2024ರ ಡಿಸೆಂಬರಿನಲ್ಲಿ ಬೈಡನ್ ತಮ್ಮ ಮಗನಿಗೆ ಕ್ಷಮಾದಾನ ನೀಡಿದಾಗ ಕೊಟ್ಟ ಕಾರಣವೂ ಹೆಚ್ಚುಕಡಿಮೆ ಅದೇ ಮಾತಾಗಿತ್ತು: ಮೊಕದ್ದಮೆಯೊಳಗೆ ರಾಜಕೀಯ ನುಸುಳಿತು ಎಂದು. ಮೊಕದ್ದಮೆ ನಡೆಸಿದ್ದು ಅವರದೇ ಸರ್ಕಾರದ ನ್ಯಾಯ ಇಲಾಖೆ.

ಇದನ್ನು ಕೇಳುತ್ತಿರುವ ಕನ್ನಡಿಗರಿಗೆ ಸಿಬಿಐ ನೆನಪಾಗದಿರದು. ನಮ್ಮ ಸುಪ್ರೀಂ ಕೋರ್ಟು 2013ರಲ್ಲಿ ಅದನ್ನು ಪಂಜರದ ಗಿಣಿಯೆಂದು ಕರೆಯಿತು. ರಾಜ್ಯದಲ್ಲಿ ತನಿಖೆ ನಡೆಸಲು ಆ ಸಂಸ್ಥೆಗೆ ಕೊಟ್ಟಿದ್ದ ಸಾಮಾನ್ಯ ಸಮ್ಮತಿಯನ್ನು ಕರ್ನಾಟಕ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಹಿಂತೆಗೆದುಕೊಂಡಿತು. ಅಮೆರಿಕದಲ್ಲಿ ರಾಜ್ಯಗಳಿಗೆ ಎಫ್‌ಬಿಐ ವಿರುದ್ಧ ಅಂಥ ಬಾಗಿಲು ಮುಚ್ಚುವ ಅಧಿಕಾರವಿಲ್ಲ. ಅಲ್ಲಿ ತಡೆಯಬೇಕಾದವರು ಇಲಾಖೆಯ ಒಳಗಿನವರು, ಇಲ್ಲವೆ ನ್ಯಾಯಾಧೀಶರು.

ಒಳಗಿನವರು ತಡೆಯಲು ನಿಂತುದು 2025ರ ಫೆಬ್ರುವರಿಯಲ್ಲಿ ಕಾಣಿಸಿತು. ನ್ಯೂಯಾರ್ಕ್ ಮೇಯರ್ ಎರಿಕ್ ಆಡಮ್ಸ್, ಡೆಮಾಕ್ರಟ್, ಬೈಡನ್ ಕಾಲದಲ್ಲಿ ದಾಖಲಾದ ಲಂಚದ ಮೊಕದ್ದಮೆ ಎದುರಿಸುತ್ತಿದ್ದರು. ಅದನ್ನು ಹಿಂಪಡೆಯಿರೆಂದು ವಾಷಿಂಗ್‌ಟನ್ನಿನಿಂದ ಆದೇಶ ಬಂತು. ಸಾಕ್ಷ್ಯ ದುರ್ಬಲವೆಂದು ಆದೇಶ ಹೇಳಲಿಲ್ಲ. ಮೊಕದ್ದಮೆಯಿಂದಾಗಿ ಮೇಯರ್‌ಗೆ ವಲಸೆ ಕಾನೂನು ಜಾರಿಯಲ್ಲಿ ನೆರವಾಗಲು ಆಗುತ್ತಿಲ್ಲವೆಂದಿತು. ಅಲ್ಲಿನ ಹಂಗಾಮಿ ಅಟಾರ್ನಿ ಡೇನಿಯಲ್ ಸಸೂನ್ ಸಹಿ ಹಾಕದೆ ಫೆಬ್ರುವರಿ 13ರಂದು ರಾಜೀನಾಮೆ ಕೊಟ್ಟರು. ಅವರನ್ನು ಎಡಪಂಥೀಯರೆಂದು ತಳ್ಳಿಹಾಕುವುದು ಕಷ್ಟ. ಸುಪ್ರೀಂ ಕೋರ್ಟಿನ ಸಂಪ್ರದಾಯವಾದಿ ನ್ಯಾಯಮೂರ್ತಿ ಸ್ಕಲಿಯಾ ಅವರ ಬಳಿ ಕಾನೂನು ಸಹಾಯಕಿಯಾಗಿದ್ದವರು ಅವರು. ಕಡತ ವಾಷಿಂಗ್‌ಟನ್ನಿಗೆ ಹೋಯಿತು, ಅಲ್ಲಿಯೂ ಸಾಲುಸಾಲಾಗಿ ರಾಜೀನಾಮೆಗಳು ಬಿದ್ದವು. ಕೊನೆಗೆ ಅರ್ಜಿಗೆ ಸಹಿ ಹಾಕಿದವರಲ್ಲಿ ಆದೇಶ ಹೊರಡಿಸಿದ ಎಮಿಲ್ ಬೋವ್ ತಾವೇ ಒಬ್ಬರು. ಏಪ್ರಿಲ್ 2ರಂದು ನ್ಯಾಯಾಧೀಶ ಡೇಲ್ ಹೋ ಮೊಕದ್ದಮೆಯನ್ನು ವಜಾ ಮಾಡಿದರು, ಆದರೆ ಇಲಾಖೆ ಕೇಳಿದಂತೆ ಮತ್ತೆ ಹೂಡಲು ಅವಕಾಶ ಉಳಿಸಲಿಲ್ಲ. ಉಳಿಸಿದ್ದರೆ ಮೇಯರ್ ತಲೆಯ ಮೇಲೆ ಕತ್ತಿ ತೂಗುತ್ತಲೇ ಇರುತ್ತಿತ್ತು.

ಈಗ ಮತ್ತೆ ಅಲೆಕ್ಸಾಂಡ್ರಿಯಾಕ್ಕೆ ಬರೋಣ. ಹ್ಯಾಲಿಗನ್ ಅವರಿಗಿಂತ ಮುಂಚೆ ಅಲ್ಲಿದ್ದ ಎರಿಕ್ ಸೀಬರ್ಟ್ ಅವರನ್ನೂ ಟ್ರಂಪ್ ಸರ್ಕಾರವೇ ನೇಮಿಸಿತ್ತು. ಅವರು ಒತ್ತಡದಲ್ಲಿ ಹುದ್ದೆ ಬಿಟ್ಟ ಮರುದಿನ, ಕೋಮಿ ಮತ್ತು ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಲೆಟಿಷಿಯಾ ಜೇಮ್ಸ್ ಅವರ ಮೇಲೆ ಕ್ರಮ ಯಾಕಿಲ್ಲವೆಂದು ಅಧ್ಯಕ್ಷರು ತಮ್ಮ ಅಟಾರ್ನಿ ಜನರಲ್ ಪ್ಯಾಮ್ ಬಾಂಡಿ ಅವರನ್ನುದ್ದೇಶಿಸಿ ಎಲ್ಲರೂ ಓದುವಂತೆ ಬರೆದರು. ನಿಕ್ಸನ್ ಗುಟ್ಟಾಗಿ ಆಡಿ ಧ್ವನಿಸುರುಳಿಗೆ ಸಿಕ್ಕಿಬಿದ್ದ ಬಗೆಯ ಮಾತು ಈಗ ಬಹಿರಂಗ ಬರಹವಾಗಿತ್ತು. ಅಕ್ಟೋಬರ್ 9ರಂದು ಜೇಮ್ಸ್ ಅವರ ಮೇಲೂ ಆರೋಪ ದಾಖಲಾಯಿತು; ಅಲ್ಲಿಯೂ ಆರೋಪ ಹೊರಿಸಬಹುದೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿಯಾದ ಗ್ರ್ಯಾಂಡ್ ಜ್ಯೂರಿಯ ಮುಂದೆ ನಿಂತವರು ಹ್ಯಾಲಿಗನ್ ಒಬ್ಬರೇ.

ನವೆಂಬರ್ 24ರಂದು ನ್ಯಾಯಾಧೀಶೆ ಕ್ಯಾಮರನ್ ಕರಿ ಎರಡೂ ಮೊಕದ್ದಮೆಗಳನ್ನು ವಜಾ ಮಾಡಿದರು. ದ್ವೇಷದ ಮೊಕದ್ದಮೆಯೋ ಅಲ್ಲವೋ, ಕೋಮಿ ಸುಳ್ಳು ಹೇಳಿದರೋ ಇಲ್ಲವೋ ಎಂಬುದಕ್ಕೆ ಅವರು ಹೋಗಲಿಲ್ಲ. ಅಟಾರ್ನಿ ಜನರಲ್‌ಗೆ ಇದ್ದ 120 ದಿನ ಸೀಬರ್ಟ್ ಕಾಲದಲ್ಲೇ ತೀರಿಹೋಗಿತ್ತು, ಆದ್ದರಿಂದ ಹ್ಯಾಲಿಗನ್ ಅವರ ನೇಮಕ ಕಾನೂನಿಗೆ ವಿರುದ್ಧ, ಅವರೊಬ್ಬರೇ ತಂದ ಆರೋಪಪಟ್ಟಿಗಳು ನಿಲ್ಲವು ಎಂದರು. ಕಾಯಂ ವಕೀಲರಲ್ಲಿ ಇನ್ನೊಬ್ಬರು ಯಾರಾದರೂ ಜೊತೆಗೆ ಸಹಿ ಹಾಕಿದ್ದರೆ ಸರ್ಕಾರಕ್ಕೆ ವಾದಿಸಲು ಬೇರೆ ದಾರಿ ಇರುತ್ತಿತ್ತು. 2007ರಲ್ಲಿ 94 ಸೆನೆಟರುಗಳು, ಎರಡೂ ಪಕ್ಷದವರು, ಕೈಯೆತ್ತಿ ಮರಳಿ ತಂದಿದ್ದ ಕಲಮು ಅದು.

ನಮಸ್ಕಾರ.