ನೀರಿನ ಮೇಲಿನ ಸೈಟು: ಬಾಡಿಗೆಯೋ, ಕ್ರಯವೋ?

ಎಲ್ಲರಿಗೂ ನಮಸ್ಕಾರ.

ಹಾಸನದಲ್ಲಿ ನಿಂತುಕೊಂಡು ದೋಣಿ ನಿಲ್ಲಿಸುವ ಜಾಗದ ಬಗ್ಗೆ ಮಾತಾಡುತ್ತೇನೆ ಅಂದಾಗ ಕಾರ್ಯಕ್ರಮದವರು ಸ್ವಲ್ಪ ಹೊತ್ತು ಸುಮ್ಮನಾದರು. "ಪಿಂಚಣಿ ಬಗ್ಗೆ ಮಾತಾಡಿದ್ರೆ ಆಗಲ್ವಾ ಸಾರ್?" ಅಂದರು. ಪಿಂಚಣಿ ಬಗ್ಗೆ ನಿಮಗೆ ನಾನೇನು ಹೇಳಲಿ? ಸಾಲೋದಿಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಇಲ್ಲಿ ಕೂತಿರುವ ಎಷ್ಟೋ ಜನರ ಮಕ್ಕಳು ಹೊರದೇಶದಲ್ಲಿದ್ದಾರೆ. ಅಲ್ಲಿಂದ ಎಂಥೆಂಥ ಫೋನ್ ಬರುತ್ತದೆ ಅನ್ನೋದು ನಿಮಗೂ ಗೊತ್ತು.

ನನಗೆ ಬಂದದ್ದು ಹೀಗೆ. ಮಗ ಇರುವುದು ಶಿಕಾಗೋದಲ್ಲಿ. ಮಿಶಿಗನ್ ಸರೋವರದ ದಡದ ಊರು. ನಾಲ್ಕು ವರ್ಷದ ಹಿಂದೆ ಹಳೆಯದೊಂದು ದೋಣಿ ಕೊಂಡ. ಹೋದ ವರ್ಷ ಫೋನ್ ಮಾಡಿ, "ಅಪ್ಪ, ಒಂದು ಸ್ಲಿಪ್ ಮಾರಾಟಕ್ಕಿದೆ, ತಗೋಬಿಡ್ಲಾ?" ಅಂದ. ಸ್ಲಿಪ್ ಅಂದರೆ ನನಗೆ ಗೊತ್ತಿದ್ದದ್ದು ಬ್ಯಾಂಕಿನ ಚಲನ್. ಮೂವತ್ತೈದು ವರ್ಷ ಅದನ್ನೇ ಎಣಿಸಿದವನು ನಾನು. ಚೀಟಿಗೆ ಯಾಕಪ್ಪ ಅಷ್ಟು ದುಡ್ಡು ಅಂತ ಕೇಳಿದೆ.

ಸ್ಲಿಪ್ ಅಂದರೆ ದೋಣಿ ಕಟ್ಟುವ ಜಾಗ. ಮರದ ಕಾಲುದಾರಿ ನೀರಿನೊಳಕ್ಕೆ ಚಾಚಿಕೊಂಡಿರುತ್ತದೆ. ಅದಕ್ಕೆ ಅಡ್ಡಡ್ಡ ಬೆರಳಿನ ಹಾಗೆ ಸಣ್ಣ ಹಲಗೆದಾರಿಗಳು. ಎರಡು ಬೆರಳಿನ ನಡುವಿನ ನೀರೇ ಒಂದು ಸ್ಲಿಪ್. ಕೊಟ್ಟಿಗೆಯಲ್ಲಿ ದನ ಕಟ್ಟಿದ ಹಾಗೆ ದೋಣಿಯನ್ನು ಒಳಗೆ ತಂದು ಹಗ್ಗ ಬಿಗಿಯುತ್ತಾರೆ. ಪಕ್ಕದಲ್ಲೇ ಕುಡಿಯುವ ನೀರಿನ ನಲ್ಲಿ, ಕರೆಂಟಿನ ಪೆಟ್ಟಿಗೆ. ಇಂಥ ನೂರಾರು ಸ್ಲಿಪ್ ಇರುವ ಜಾಗಕ್ಕೆ ಮರೀನಾ ಅನ್ನುತ್ತಾರೆ.

ನಾನು ಅಲ್ಲಿಗೆ ಹೋಗಿದ್ದಾಗ ಒಂದು ವಿಷಯ ಕಣ್ಣಾರೆ ಕಂಡೆ. ಮಗನ ದೋಣಿ ಹೆಸರಿಗೆ 28 ಅಡಿ. ಮರೀನಾದವನು ಟೇಪು ಹಿಡಿದುಕೊಂಡು ಬಂದ. ಮುಂದೆ ಲಂಗರು ನೇತುಹಾಕುವ ಮೂತಿಯಿಂದ ಹಿಡಿದು, ಹಿಂದೆ ಈಜಲು ಇಳಿಯುವ ಹಲಗೆಯ ತುದಿಯ ತನಕ ಅಳೆದ. 30 ಅಡಿ ಬಂತು. ಬಾಡಿಗೆ ಅಡಿ ಲೆಕ್ಕ! ನಮ್ಮಲ್ಲಿ ಸರ್ವೆಯವರು ಬಂದಾಗ ಬೇಲಿ ಪಕ್ಕ ನಿಂತು ಟೇಪಿನ ತುದಿಯನ್ನೇ ನೋಡ್ತೀವಲ್ಲ, ಮಗನ ಮುಖ ಹಾಗಿತ್ತು. ಇನ್ನೊಂದು ನಿಯಮವೂ ಬಹಳ ಕಡೆ ಇದೆ. ದೋಣಿ ಉದ್ದವೋ ಸ್ಲಿಪ್ ಉದ್ದವೋ, ಯಾವುದು ಜಾಸ್ತಿಯೋ ಅದಕ್ಕೆ ಬಾಡಿಗೆ. 25 ಅಡಿ ದೋಣಿಯನ್ನು 35 ಅಡಿ ಜಾಗದಲ್ಲಿ ಕಟ್ಟಿದರೆ ಖಾಲಿ ನೀರಿಗೂ ದುಡ್ಡು.

ಈಗ ಲೆಕ್ಕಕ್ಕೆ ಬರೋಣ. ಅಂಕಿಗಳನ್ನು ತಿಳಿಯಲು ಸುಲಭವಾಗಲಿ ಅಂತ ದುಂಡಗೆ ಮಾಡಿಕೊಂಡಿದ್ದೇನೆ. ಒಂದೊಂದು ಊರಲ್ಲಿ ಒಂದೊಂದು ದರ. ದಯವಿಟ್ಟು ಯಾರೂ ಮನಸ್ಸಿನಲ್ಲೇ ರೂಪಾಯಿಗೆ ಬದಲಾಯಿಸಬೇಡಿ, ಎದೆ ಧಸಕ್ ಅನ್ನುತ್ತದೆ.

ಅಡಿಗೆ 120 ಡಾಲರ್. 30 ಅಡಿಗೆ 3,600. ಇದು ವರ್ಷಕ್ಕಲ್ಲ, ಒಂದು ಸೀಸನ್ನಿಗೆ. ಆ ಕಡೆ ಮೇ ತಿಂಗಳಿಂದ ಅಕ್ಟೋಬರ್ ತನಕ ಮಾತ್ರ ದೋಣಿ ನೀರಲ್ಲಿರುತ್ತದೆ. ಆಮೇಲೆ ದಡದ ನೀರು ಹೆಪ್ಪುಗಟ್ಟುತ್ತದೆ. ದೋಣಿಯನ್ನು ಎತ್ತಿ ಮೇಲಿಡಬೇಕು, ಅದಕ್ಕೆ ಬೇರೆ ಬಾಡಿಗೆ. ಆ ಆರು ತಿಂಗಳಲ್ಲಿ ಎಷ್ಟು ದಿನ ದೋಣಿ ಹತ್ತಿದೆ ಅಂತ ಮಗನನ್ನು ಕೇಳಿದೆ. ಕ್ಯಾಲೆಂಡರ್ ನೋಡಿ ಹೇಳು ಅಂದೆ. ಹನ್ನೆರಡು ದಿನ ಅಂದ. ಅಂದರೆ ಹತ್ತಿದ ದಿನಕ್ಕೆ 300 ಡಾಲರ್, ಬರೀ ನಿಲ್ಲಿಸಿದ್ದಕ್ಕೆ. ಪೆಟ್ರೋಲು ಬೇರೆ. "ಅದನ್ನ ಹಾಗೆಲ್ಲ ಲೆಕ್ಕ ಹಾಕಬಾರದು ಅಪ್ಪ" ಅಂದ. ಅವನ ಅಮ್ಮನೂ ಅವನ ಪರವೇ.

ಮಾರಾಟಕ್ಕಿದ್ದ ಸ್ಲಿಪ್ ಸರೋವರದ ಆಚೆ ದಡದಲ್ಲಿ. ಬೆಲೆ 45,000 ಅಂತ ಇಟ್ಟುಕೊಳ್ಳೋಣ. ಅಪಾರ್ಟ್‌ಮೆಂಟಿನಲ್ಲಿ ಫ್ಲಾಟ್ ಕೊಂಡ ಹಾಗೆ ಮರೀನಾದಲ್ಲಿ ಸ್ಲಿಪ್ ಕೊಳ್ಳುವುದು. ದೋಣಿ ಕಟ್ಟೆಯ ಡಾಕ್ ಮತ್ತು ಸ್ವಂತ ಫ್ಲಾಟುಗಳ ಕಾಂಡೋಮಿನಿಯಂ ಎರಡನ್ನೂ ಸೇರಿಸಿ ಡಾಕೋಮಿನಿಯಂ ಅಂತ ಹೆಸರೂ ಇಟ್ಟಿದ್ದಾರೆ. ಮಗ ಹಾಕಿದ ಲೆಕ್ಕ ಬಹಳ ಸರಳ: 45,000ವನ್ನು 3,600ರಿಂದ ಭಾಗಿಸಿದ. ಹನ್ನೆರಡೂವರೆ ವರ್ಷ. ಆಮೇಲೆ ಎಲ್ಲ ಪುಕ್ಕಟೆ.

ಕೊಂಡವನಿಗೆ ಖರ್ಚೇ ಇಲ್ಲ ಅಂತ ಯಾರು ಹೇಳಿದರು ಅಂತ ಕೇಳಿದೆ. ಸ್ಲಿಪ್ ಮಾಲೀಕರ ಸಂಘಕ್ಕೆ ಮೇಂಟೆನೆನ್ಸ್ ಕಟ್ಟಬೇಕು, 1,200 ಅಂತಿಟ್ಟುಕೊಳ್ಳಿ. ಕಂದಾಯ 700. ವಿಮೆ 200. ಒಟ್ಟು 2,100. ಹಾಗಾದರೆ ಕೊಂಡರೆ ವರ್ಷಕ್ಕೆ ಉಳಿಯುವುದು 3,600 ಅಲ್ಲ, 1,500. 45,000 ವಾಪಸು ಬರಲು ಮೂವತ್ತು ವರ್ಷ. ಫೋನಿನಲ್ಲಿ ಆ ಕಡೆ ಸದ್ದಿಲ್ಲ.

ಇನ್ನೂ ಬಡ್ಡಿ ಬಿಟ್ಟಿದ್ದೇನೆ. ಬಡ್ಡಿ ವಿಷಯ ಹೇಳಲು ಮಗನಿಗೆ ನಮ್ಮೂರಿನ ಭೋಗ್ಯ ನೆನಪಿಸಬೇಕಾಯಿತು. ಭೋಗ್ಯದ ಮನೆ ಅಂದರೆ ಇಲ್ಲಿ ಬಿಡಿಸಿ ಹೇಳಬೇಕಿಲ್ಲ. ಐದು ಲಕ್ಷವೋ ಎಂಟು ಲಕ್ಷವೋ ಒಟ್ಟಿಗೆ ಕೊಡ್ತೀವಿ, ಮೂರು ವರ್ಷ ಇರ್ತೀವಿ, ಬಿಡುವಾಗ ಅಷ್ಟೂ ದುಡ್ಡು ವಾಪಸು. "ಬಾಡಿಗೇನೇ ಇಲ್ಲ ಕಣ್ರೀ" ಅಂತ ಹೇಳಿಕೊಳ್ಳುತ್ತೇವೆ. ಬಾಡಿಗೆ ಇಲ್ಲದೆ ಏನು? ಆ ದುಡ್ಡು ಎಫ್‌ಡಿಯಲ್ಲಿದ್ದರೆ ಬರುತ್ತಿದ್ದ ಬಡ್ಡಿಯೇ ಬಾಡಿಗೆ. ಮನೆ ಮಾಲೀಕ ಅದನ್ನು ನಮ್ಮ ಕೈಯಿಂದ ಈಸಿಕೊಳ್ಳುವುದಿಲ್ಲ, ನಮ್ಮ ಕೈಗೆ ಬರುವ ಮೊದಲೇ ಅದು ಅವನಿಗೆ ಹೋಗಿರುತ್ತದೆ. ಸ್ಲಿಪ್ ಕ್ರಯಕ್ಕೆ ತಗೊಂಡರೂ ಹಾಗೇ. 45,000ಕ್ಕೆ ಶೇ. 5ರಂತೆ ವರ್ಷಕ್ಕೆ 2,250. ಅದನ್ನು 2,100ಕ್ಕೆ ಸೇರಿಸಿ: 4,350. ಬಾಡಿಗೆ 3,600. ಕೊಂಡವನೇ ವರ್ಷಕ್ಕೆ 750 ಜಾಸ್ತಿ ಕೊಡುತ್ತಿದ್ದಾನೆ! ಭೋಗ್ಯದಲ್ಲಾದರೆ ಅಸಲು ವಾಪಸು ಕೊಡ್ತೀನಿ ಅಂತ ಕರಾರುಪತ್ರದಲ್ಲಿ ಬರೆದುಕೊಟ್ಟವನು ಒಬ್ಬ ಇರುತ್ತಾನೆ. ಸ್ಲಿಪ್‌ಗೆ ಅವನೂ ಇಲ್ಲ. ಮಾರುವ ದಿನ ಯಾರು ಎಷ್ಟಕ್ಕೆ ಕೇಳುತ್ತಾರೋ ಅಷ್ಟೇ.

ಆದರೆ ಅನ್ಯಾಯದ ಲೆಕ್ಕ ಹೇಳಬಾರದು. ಸ್ಲಿಪ್ ಬೆಲೆ ವರ್ಷಕ್ಕೆ ಶೇ. 2ರಷ್ಟು ಏರಿದರೂ 900 ಡಾಲರ್ ಸಿಕ್ಕ ಹಾಗಾಯಿತು. ಆಗ ಕೊಂಡವನ ಖರ್ಚು 3,450ಕ್ಕೆ ಇಳಿಯುತ್ತದೆ. ಬಾಡಿಗೆಗಿಂತ ಕಡಿಮೆ. ಹಾಗಾಗಿ ನಿಮ್ಮ ಮಕ್ಕಳು ಯಾರಾದರೂ ಕೇಳಿದರೆ, ಬಾಡಿಗೆ ಎಷ್ಟು ಅಂತ ಮೊದಲು ಕೇಳಬೇಡಿ. ಅಲ್ಲಿ ಹತ್ತು ವರ್ಷದ ಹಿಂದೆ ಸ್ಲಿಪ್ ಕೊಂಡವನು ಎಷ್ಟಕ್ಕೆ ಮಾರಿದ ಅಂತ ಕೇಳಿ. ಬ್ರೋಕರ್ ಕಮಿಷನ್ನನ್ನೂ ಮರೆಯಬೇಡಿ. ಶೇ. 6 ಅಂತ ಹಿಡಿದರೆ 2,700. ಹತ್ತು ವರ್ಷ ಇಟ್ಟುಕೊಂಡರೆ ವರ್ಷಕ್ಕೆ 270 ಬೀಳುತ್ತದೆ, ತಡೆದುಕೊಳ್ಳಬಹುದು. ಮೂರೇ ವರ್ಷಕ್ಕೆ ಕೆಲಸ ಬದಲಾಗಿ ಬೇರೆ ಊರಿಗೆ ಹೊರಟರೆ ವರ್ಷಕ್ಕೆ 900. ಏರಿದ ಬೆಲೆಯೆಲ್ಲ ಅದಕ್ಕೇ ಸರಿಹೋಯಿತು. ನನ್ನ ಮಗ ಹನ್ನೊಂದು ವರ್ಷದಲ್ಲಿ ನಾಲ್ಕು ಕೆಲಸ ಬದಲಾಯಿಸಿದ್ದಾನೆ.

ಇನ್ನೊಂದು ರೋಗವಿದೆಯಂತೆ. ಅಲ್ಲಿಯವರೇ ತಮಾಷೆ ಮಾಡಿಕೊಳ್ಳುತ್ತಾರೆ. ದೋಣಿ ಇಟ್ಟವನಿಗೆಲ್ಲ ಈಗಿರುವುದಕ್ಕಿಂತ ಎರಡಡಿ ಉದ್ದದ್ದು ಬೇಕು ಅನ್ನಿಸುತ್ತದಂತೆ. ಬಾಡಿಗೆಯವನು ಮುಂದಿನ ಸೀಸನ್ನಿಗೆ ದೊಡ್ಡ ಸ್ಲಿಪ್ ಕೇಳಬಹುದು. ಕೊಂಡವನ ನೀರು ಮಾತ್ರ ಉದ್ದವಾಗುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ನಾನು ಕೇಳಿದ್ದು ಹಾಸನದವರೆಲ್ಲ ಕೇಳುವ ಪ್ರಶ್ನೆ. ಖಾತೆ ಯಾರ ಹೆಸರಲ್ಲಿದೆ? ಕ್ರಯಪತ್ರದಲ್ಲಿ ಏನು ಕೊಟ್ಟಿದ್ದಾರೆ, ನೆಲವೋ ನೀರೋ ಗಾಳಿಯೋ? ಇದೇ ನನಗೆ ಬಹಳ ಇಷ್ಟವಾದ ಭಾಗ.

ಆ ದೊಡ್ಡ ಸರೋವರಗಳ ತಳದ ನೆಲ ಆಯಾ ರಾಜ್ಯದ್ದು. ಜನರ ಪರವಾಗಿ ಸರ್ಕಾರ ಅದನ್ನು ಕಾಪಾಡಬೇಕು, ಮಾರಿಕೊಳ್ಳುವಂತಿಲ್ಲ. ಇದರ ಹಿಂದೆ ದೊಡ್ಡ ಕತೆಯಿದೆ. 1869ರಲ್ಲಿ ಇಲಿನಾಯ್ ರಾಜ್ಯದವರು ಶಿಕಾಗೋ ಬಂದರಿನ ನೀರಡಿಯ ಸಾವಿರಕ್ಕೂ ಹೆಚ್ಚು ಎಕರೆ ನೆಲವನ್ನು ಇಲಿನಾಯ್ ಸೆಂಟ್ರಲ್ ಅನ್ನುವ ರೈಲು ಕಂಪನಿಗೆ ಬರೆದುಕೊಟ್ಟರು. ನಾಲ್ಕು ವರ್ಷದಲ್ಲಿ ತಪ್ಪಿನ ಅರಿವಾಗಿ ವಾಪಸು ಪಡೆದರು. ಕಂಪನಿ ಬಿಡಲಿಲ್ಲ. ಜಗಳ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. 1892ರಲ್ಲಿ ತೀರ್ಪು ಬಂತು: ಇಂಥ ನೀರಿನ ತಳವನ್ನು ಹಾಗೆ ಪೂರ್ತಿ ಖಾಸಗಿಯವರಿಗೆ ಒಪ್ಪಿಸಲು ರಾಜ್ಯಕ್ಕೆ ಅಧಿಕಾರವಿಲ್ಲ. ನಮ್ಮ ಸುಪ್ರೀಂ ಕೋರ್ಟೂ ಕುಲು ಮನಾಲಿ ಕಡೆಯ ಬಿಯಾಸ್ ನದಿ ದಡದ ಒಂದು ಕೇಸಿನಲ್ಲಿ ಇದೇ ತತ್ವವನ್ನು ಎತ್ತಿಹಿಡಿದಿದೆ.

ಇದು ನಮಗೆ ಹೊಸದೇನಲ್ಲ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಮುಳುಗಡೆಯಾದ ಊರುಗಳ ಜನ ಈ ಸಭೆಯಲ್ಲೇ ಇರಬಹುದು. ನೀರಡಿಗೆ ಹೋದ ನೆಲ ಯಾರದ್ದು ಅನ್ನುವುದು ಅವರಿಗೆ ಕೋರ್ಟಿಗಿಂತ ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಅಜ್ಜನ ಹೊಲದ ಬದು ಕಾಣುತ್ತದೆ. ಕಂಡರೂ ಅದು ನಮ್ಮದಲ್ಲ.

ಹಾಗಾಗಿ ಸ್ಲಿಪ್ ಕೊಂಡವನಿಗೆ ಎಷ್ಟೋ ಕಡೆ ಸಿಗುವುದು ನಿಲ್ಲಿಸುವ ಹಕ್ಕು ಮಾತ್ರ. ಮರೀನಾದವರೇ ಸರ್ಕಾರದಿಂದ ಇಷ್ಟು ವರ್ಷಕ್ಕೆ ಅಂತ ಲೀಸ್ ಪಡೆದಿರುತ್ತಾರೆ. ಅದರೊಳಗೆ ನಿಮಗೊಂದು ಪಾಲು. ದಡದ ಸ್ವಂತ ಜಮೀನನ್ನು ಅಗೆದು ನೀರು ಬಿಟ್ಟು ಮಾಡಿದ ಮರೀನಾ ಆದರೆ ತಳದ ನೆಲವೂ ಕ್ರಯಕ್ಕೆ ಸಿಗಬಹುದು. ಎರಡಕ್ಕೂ ಬಹಳ ವ್ಯತ್ಯಾಸ. ಲೀಸಿನಲ್ಲಿ ಎಂಟೇ ವರ್ಷ ಉಳಿದಿದ್ದರೆ ಅದನ್ನು ಮರುಮಾರಾಟಕ್ಕೆ ಯಾರು ತಗೊಳ್ಳುತ್ತಾರೆ? ಮಗನಿಗೆ ಕಾಗದ ತರಿಸು ಅಂದೆ.

ಮೇಂಟೆನೆನ್ಸ್ ಬಗ್ಗೆ ಒಂದು ಮಾತು. ಅದು 1,200ರಲ್ಲೇ ನಿಲ್ಲುತ್ತದೆ ಅಂದುಕೊಳ್ಳಬಾರದು. ಮಿಶಿಗನ್ ಸರೋವರದ ನೀರು 2013ರ ಜನವರಿಯಲ್ಲಿ ದಾಖಲೆ ಮಟ್ಟಕ್ಕೆ ಇಳಿಯಿತು. ತಳ ಮೇಲೆ ಬಂದರೆ ದೋಣಿ ಕೆಸರಿಗೆ ತಗಲುತ್ತದೆ, ಹೂಳೆತ್ತಬೇಕು. ಏಳೇ ವರ್ಷ ಕಳೆದು 2020ರಲ್ಲಿ ನೀರು ಎಷ್ಟು ಏರಿತೆಂದರೆ ದಡವೆಲ್ಲ ಕೊರೆದುಹೋಯಿತು. ಅಂಥ ನೀರಿಗೆ ನೆಟ್ಟ ಕಂಬದ ಮೇಲಿನ ಹಲಗೆದಾರಿ ಮುಳುಗುತ್ತದೆ, ಎತ್ತರಿಸಬೇಕು. ಇಂಥ ಹೊತ್ತಿನಲ್ಲಿ ಸಂಘದವರು ಸಭೆ ಕರೆದು ತಲೆಗೆ ಇಷ್ಟು ಅಂತ ಹಂಚುತ್ತಾರೆ. ಬಾಡಿಗೆಯವನು ಗೊಣಗಿಕೊಂಡು ಬೇರೆ ಮರೀನಾ ನೋಡಿಕೊಳ್ಳಬಹುದು. ಮಾಲೀಕ ಚೆಕ್ ಬರೆಯಬೇಕು. ಅದಕ್ಕೇ ಸಂಘದ ಹಿಂದಿನ ಐದು ವರ್ಷದ ಆಡಿಟ್ ವರದಿ, ನಿಧಿಯಲ್ಲಿ ಎಷ್ಟಿದೆ, ಕೊನೆಯ ಸಲ ಹೂಳೆತ್ತಿದ್ದು ಯಾವಾಗ, ಇಷ್ಟನ್ನು ನೋಡದೆ ಅಡ್ವಾನ್ಸ್ ಕೊಡಬಾರದು. ಬ್ಯಾಂಕಿನವನ ಮಾತು ಇದು, ಬೇಕಾದರೆ ಬಿಡಿ.

ಕೊಳ್ಳಲೇಬೇಕಾದವರೂ ಇದ್ದಾರೆ. ಬಾಡಿಗೆ ಸ್ಲಿಪ್‌ಗೆ ವರ್ಷಗಟ್ಟಲೆ ಕಾಯುವ ಪಟ್ಟಿ ಇರುವ ಕಡೆ, ಜಾಗವೇ ಸಿಗದಿದ್ದರೆ ದೋಣಿ ಇಟ್ಟುಕೊಂಡು ಏನು ಮಾಡುವುದು? ಮರೀನಾವನ್ನೇ ಯಾರಾದರೂ ಕೊಂಡು, ದಡದಲ್ಲಿ ಅಪಾರ್ಟ್‌ಮೆಂಟ್ ಕಟ್ಟಿ, ಬಾಡಿಗೆಯವರನ್ನು ಎಬ್ಬಿಸಿದ್ದೂ ಉಂಟು. ನಿವೃತ್ತಿಯಾಗಿ ವಾರಕ್ಕೆ ನಾಲ್ಕು ದಿನ ದೋಣಿಯಲ್ಲೇ ಕಳೆಯುವವರಿಗೆ ಸ್ವಂತದ್ದೇ ಸರಿ. ಅವರು ದುಡ್ಡಿನ ಲೆಕ್ಕ ಹಾಕುವುದಿಲ್ಲ, ಹಾಕಬೇಕಾಗಿಯೂ ಇಲ್ಲ.

ಇದನ್ನೆಲ್ಲ ತಲೆಯಲ್ಲಿಟ್ಟುಕೊಂಡೇ ಈ ಬೇಸಿಗೆ ಶೆಟ್ಟಿಹಳ್ಳಿಗೆ ಹೋಗಿದ್ದೆ. ಹೇಮಾವತಿಯ ಹಿನ್ನೀರು ಇಳಿದಿತ್ತು, ಹಳೇ ಚರ್ಚಿನ ಗೋಡೆಯ ಬುಡದ ತನಕ ನಡೆದುಕೊಂಡೇ ಹೋಗಬಹುದಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲೇ ನೀರು ನಿಂತಿರುತ್ತದೆ. ಅಣೆಕಟ್ಟು ತುಂಬಿದಾಗ 2,922 ಅಡಿ ಮಟ್ಟ, 37 ಟಿಎಂಸಿ ನೀರು. ಬೇಸಿಗೆಯಲ್ಲಿ ಹತ್ತಾರು ಅಡಿ ಕೆಳಗೆ. ಮಿಶಿಗನ್ ಸರೋವರದಲ್ಲಿ ದಾಖಲೆ ಏರಿಕೆಗೂ ದಾಖಲೆ ಇಳಿಕೆಗೂ ಇರುವ ಅಂತರ ಆರಡಿ ಚಿಲ್ಲರೆ. ನಮ್ಮ ಹಿನ್ನೀರಿನಲ್ಲಿ ಸ್ಲಿಪ್ ಕಟ್ಟಿದರೆ ಅದೂ ನೀರಿನ ಹಿಂದೆ ನಡೆಯಬೇಕು.

ದಡದಲ್ಲಿ ಒಬ್ಬರು ಮೀನು ಬಲೆ ಬಿಡಿಸುತ್ತಾ ಕೂತಿದ್ದರು. ಪಕ್ಕದಲ್ಲಿ ಅವರ ಹರಿಗೋಲು ಬೋರಲು ಬಿದ್ದಿತ್ತು. ತಳಕ್ಕೆ ಬಳಿದ ಟಾರು ಬಿಸಿಲಿಗೆ ಮೆತ್ತಗಾಗಿ ಬೆರಳಿಗೆ ಅಂಟುತ್ತಿತ್ತು. ಮಾತಿಗೆ ಮಾತು ಬಂದು ಮಗನ ಸ್ಲಿಪ್ ವಿಷಯ ಹೇಳಿದೆ. "ನಿಲ್ಸಕ್ಕೂ ದುಡ್ಡಾ ಸಾ?" ಅಂದರು. ಕೆಲಸ ಮುಗಿಸಿ ಎದ್ದು, ಹರಿಗೋಲನ್ನು ಆಮೆಚಿಪ್ಪಿನ ಹಾಗೆ ಬೆನ್ನಿಗೇರಿಸಿಕೊಂಡು, ನೀರು ಎಲ್ಲಿದೆಯೋ ಅಲ್ಲಿಗೆ ಹೊರಟರು.

ಮಗ ಕೊಳ್ಳಲಿಲ್ಲ, ಸದ್ಯಕ್ಕೆ. ಮೊನ್ನೆ ಫೋನ್ ಮಾಡಿದ್ದ. ಈ ಸೀಸನ್ನಿಗೆ ಬಾಡಿಗೆ ಅಡಿಗೆ 126 ಮಾಡಿದ್ದಾರಂತೆ. "ನೋಡಪ್ಪ, ನಾನು ಆಗಲೇ ಹೇಳಿದ್ದೆ" ಅಂದ. ಆ ಕಡೆ ಸಂಘದವರು ಮೇಂಟೆನೆನ್ಸ್ ಎಷ್ಟು ಏರಿಸಿದ್ದಾರೆ ಅಂತ ವಿಚಾರಿಸಿ ಹೇಳು, ಮತ್ತೆ ಲೆಕ್ಕ ಹಾಕೋಣ ಅಂದೆ. ಇನ್ನೂ ಉತ್ತರ ಬಂದಿಲ್ಲ.